ಪೋಪ್ ಅಧಿಕಾರಕ್ಕೆ ಬೈಬಲ್‌ನಲ್ಲಿ ಆಧಾರ ಇದೆಯಾ?

ಆಧಾರ ಇದೆ ಅಂತ ಕ್ಯಾಥೋಲಿಕರು ಮೊದ್ಲು ತೋರ್ಸೋದು ಮತ್ತಾಯ 16:18-19. ಅಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗೆ (ಆ ಹೆಸರಿನ ಅರ್ಥವೇ ಬಂಡೆ) ಈ ಬಂಡೆ ಮೇಲೆ ನನ್ನ ಸಭೆ ಕಟ್ತೀನಿ, ಪರಲೋಕರಾಜ್ಯದ ಬೀಗದ ಕೈ ನಿನಗೆ ಕೊಡ್ತೀನಿ ಅಂತಾರೆ. ಇದನ್ನ ಯೆಶಾಯ 22ರ ಜೊತೆ ಇಟ್ಟು ಓದ್ಬೇಕು, ಅಲ್ಲಿ ರಾಜನ ಅಧಿಕಾರಿ ಎಲ್ಯಾಕೀಮನಿಗೆ ದಾವೀದನ ಮನೆತನದ ಬೀಗದ ಕೈ ಸಿಗುತ್ತೆ, ಅದು ಅರಮನೆಯ ಹುದ್ದೆ, ಒಬ್ಬ ಹೋದ್ರೆ ಇನ್ನೊಬ್ಬ ಬರ್ತಾನೆ, ಹಾಗೇ ಪೇತ್ರನ ಅಧಿಕಾರಾನೂ ರೋಮ್ ಬಿಷಪ್‌ಗಳಿಗೆ, ಅಂದ್ರೆ ಪೋಪ್‌ಗಳಿಗೆ, ಬಂತು ಅನ್ನೋದು ಅವ್ರ ವಾದ. ಅವ್ರ ಕಡೆಯ ಅತ್ಯಂತ ಗಟ್ಟಿ ವಾದ ಇದೇ ಅನ್ಸುತ್ತೆ ನಂಗೆ.

ಪ್ರೊಟೆಸ್ಟೆಂಟರಲ್ಲಿ ಬಹಳ ಜನ ಬಂಡೆ ಅಂದ್ರೆ ಪೇತ್ರನ ನಂಬಿಕೆ ಅಂತಾರೆ. ಮತ್ತಾಯ 16ರಲ್ಲೇ ಪೇತ್ರನಿಗೆ ಸಿಕ್ಕ ಕಟ್ಟೋ ಬಿಚ್ಚೋ ಅಧಿಕಾರ (ಯಾವುದಕ್ಕೆ ತಡೆ, ಯಾವುದಕ್ಕೆ ಅಪ್ಪಣೆ ಅಂತ ತೀರ್ಮಾನಿಸೋದು) ಮತ್ತಾಯ 18:18ರಲ್ಲಿ ಉಳಿದ ಶಿಷ್ಯರಿಗೂ ಸಿಗುತ್ತೆ, ಗಲಾತ್ಯ 2ರಲ್ಲಿ ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನ ಮುಖದ ಮೇಲೇ ಖಂಡಿಸ್ತಾನೆ, ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಚರ್ಚೆಗೆ ಕೊನೇ ಮಾತು ಹೇಳೋದು ಪೇತ್ರ ಅಲ್ಲ, ಅಲ್ಲಿನ ಸಭೆಯ ಮುಖಂಡ ಯಾಕೋಬ. ಕ್ಯಾಥೋಲಿಕರು ಇದಕ್ಕೆ, ಪೌಲ ತಿದ್ದಿದ್ದು ಪೇತ್ರನ ನಡತೆಯನ್ನ, ಬೋಧನೆಯನ್ನಲ್ಲ ಅಂತ ಉತ್ತರ ಕೊಡ್ತಾರೆ.

ಆದ್ರೆ ಗಮನಿಸಿ, ಲುಥೆರನ್ (ಪ್ರೊಟೆಸ್ಟೆಂಟರ ಒಂದು ಪಂಗಡ) ವಿದ್ವಾಂಸ ಆಸ್ಕರ್ ಕುಲ್ಮನ್ ಬಂಡೆ ಅಂದ್ರೆ ಪೇತ್ರನೇ ಅಂತ ಒಪ್ಕೊಂಡ್ರು, ಆದ್ರೂ ಆ ಸ್ಥಾನ ಮುಂದಿನವರಿಗೆ ದಾಟುತ್ತೆ ಅನ್ನೋದನ್ನ ಒಪ್ಲಿಲ್ಲ. ನಿಜವಾದ ಗಂಟು ಇರೋದು ಇಲ್ಲೇ, ಯಾಕಂದ್ರೆ ಮತ್ತಾಯ 16ರಲ್ಲಿ ರೋಮ್ ಹೆಸರೂ ಇಲ್ಲ, ಉತ್ತರಾಧಿಕಾರಿ ಮಾತೂ ಇಲ್ಲ.

ಪೋಪ್ ಕೆಳಗೆ ಇಲ್ಲದ ಪೂರ್ವದ ಆರ್ಥೊಡಾಕ್ಸ್ ಸಭೆಗಳವರು ರೋಮ್‌ಗೆ ಗೌರವದಲ್ಲಿ ಮೊದಲ ಸ್ಥಾನ ಇತ್ತು ಅಂತ ಒಪ್ತಾರೆ, ಆದ್ರೆ 1870ರ ಮೊದಲ ವ್ಯಾಟಿಕನ್ ಮಹಾಸಭೆ ಪೋಪ್‌ಗೆ ಇಡೀ ಸಭೆ ಮೇಲೆ ನೇರ ಅಧಿಕಾರ ಇದೆ ಅಂದಿದ್ದನ್ನ ಒಪ್ಪಲ್ಲ.