ಎರಡು ವಾರದಲ್ಲಿ ಅವನು ಏನು ನೋಡಿ ಬಂದ?

ಓದುಗರ ಪತ್ರ: "ನನ್ನ ಮಗನಿಗೆ 15 ವರ್ಷ. ಶಾಲೆ ತಂಡದಲ್ಲಿ ಸ್ಟ್ರೈಕರ್. ರಜೆಯಲ್ಲಿ ಒಂದು ವೃತ್ತಿಪರ ಕ್ಲಬ್ಬಿನ ಯುವ ತಂಡದ ಜೊತೆ ಎರಡು ವಾರ ತರಬೇತಿಗೆ ಹೋಗಿ ಬಂದ. ಬಂದಾಗಿನಿಂದ ಮಾತು ಕಡಿಮೆ. 'ಬರೀ ಪಾಸ್ ಮಾಡಿಸಿದ್ರು, ಗೋಲ್ ಹೊಡೆಯೋಕೇ ಬಿಡ್ಲಿಲ್ಲ' ಅಂತಾನೆ. ಆಯ್ಕೆ ಬಗ್ಗೆ ಅವರು ಏನೂ ಹೇಳಲಿಲ್ಲ. ಎಲ್ಲ ದಂಡ ಆಯ್ತಾ? ಈಗ ಒಬ್ಬರು ನಾಲ್ಕು ಲಕ್ಷ ಕೊಟ್ಟರೆ ಯುರೋಪಿನ ಕ್ಲಬ್ಬಿನಲ್ಲಿ ಟ್ರಯಲ್ಸ್ ಕೊಡಿಸ್ತೀನಿ ಅಂತಿದ್ದಾರೆ. ಕಳಿಸಬಹುದಾ?" – ಒಬ್ಬ ತಾಯಿ, ಬೆಳಗಾವಿ

ನಮಸ್ಕಾರ ಅಕ್ಕಾ,

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ, ಯಾಕಂದ್ರೆ ಅದು ಅವಸರದ್ದು. ಕೊಡಬೇಡಿ. 18 ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್ಬಿಗೆ ನೋಂದಾಯಿಸಲು ಫಿಫಾ ನಿಯಮ ಬಿಡುವುದಿಲ್ಲ. ಫುಟ್‌ಬಾಲಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಅಪ್ಪ ಅಮ್ಮ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಬೇರೆ ಮಾತು. ಹೀಗೆ ಬೆರಳೆಣಿಕೆಯ ವಿನಾಯಿತಿಗಳಿವೆ, ಅವು ನಿಮ್ಮ ಮನೆಗೆ ಅನ್ವಯಿಸುವುದಿಲ್ಲ. ಅಂದರೆ ಟ್ರಯಲ್ಸ್‌ನಲ್ಲಿ ನಿಮ್ಮ ಹುಡುಗ ಎಷ್ಟೇ ಚೆನ್ನಾಗಿ ಆಡಿದರೂ ಆ ಕ್ಲಬ್ಬು ಅವನನ್ನು ಈಗ ಸೇರಿಸಿಕೊಳ್ಳುವ ಹಾಗಿಲ್ಲ.

ಇನ್ನೊಂದು ವಿಷಯ ಬಹಳ ತಂದೆ ತಾಯಂದಿರಿಗೆ ಗೊತ್ತಿರುವುದಿಲ್ಲ. ಫುಟ್‌ಬಾಲಿನಲ್ಲಿ ಹುಡುಗನನ್ನು ಬೆಳೆಸಿದ ಕ್ಲಬ್ಬಿಗೇ ದುಡ್ಡು ಬರುವ ವ್ಯವಸ್ಥೆ ಇದೆ. 12ರಿಂದ 21 ವರ್ಷದವರೆಗೆ ಕೊಟ್ಟ ತರಬೇತಿಗೆ, ಆಮೇಲೆ ಅವನನ್ನು ಸೇರಿಸಿಕೊಳ್ಳುವ ಕ್ಲಬ್ಬು ಪರಿಹಾರ ಕೊಡಬೇಕಾಗುತ್ತದೆ. ಒಬ್ಬ ಆಟಗಾರ ದುಡ್ಡಿಗೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ, ಆ ಹಣದಲ್ಲಿ ಶೇ 5ರಷ್ಟು ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ಒಬ್ಬ ಹುಡುಗನ ಮೇಲೆ ನಿಜವಾಗಿ ನಂಬಿಕೆ ಇಟ್ಟ ಕ್ಲಬ್ಬಿಗೆ ಅವನ ಮನೆಯವರ ನಾಲ್ಕು ಲಕ್ಷ ಬೇಕಾಗಿಲ್ಲ.

ಈಗ ಮಗನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನು ಹೇಳಿದ ಆ ಒಂದು ಮಾತು. 'ಬರೀ ಪಾಸ್ ಮಾಡಿಸಿದ್ರು.' ಅವನಿಗೆ ಅದು ದೂರು. ಆದರೆ ಅವನು ಎರಡು ವಾರ ಸರಿಯಾದ ಜಾಗದಲ್ಲೇ ಇದ್ದ ಅಂತ ನನಗೆ ಗೊತ್ತಾಗಿದ್ದು ಅದರಿಂದಲೇ.

ಶಾಲೆ ತಂಡದಲ್ಲಿ ಅವನೇ ಎಲ್ಲರಿಗಿಂತ ಜೋರು, ಅಲ್ವಾ? ಚೆಂಡು ಅವನ ಕಾಲಿಗೆ ಬರುತ್ತದೆ, ಮೂವರನ್ನು ದಾಟುತ್ತಾನೆ, ಹೊಡೆಯುತ್ತಾನೆ. ಕ್ಲಬ್ಬಿನಲ್ಲಿ ಹಾಗಲ್ಲ. ಅಲ್ಲಿ ರೊಂಡೊ ಅಂತ ಒಂದು ಅಭ್ಯಾಸ ಆಡಿಸುತ್ತಾರೆ. ನಾಲ್ಕೈದು ಜನ ಸುತ್ತ ನಿಂತು ಪಾಸ್ ಮಾಡುತ್ತಿರಬೇಕು, ಒಬ್ಬರೋ ಇಬ್ಬರೋ ನಡುವೆ ನಿಂತು ಕಸಿಯಲು ನೋಡುತ್ತಾರೆ. ಚೆಂಡು ಕಳೆದುಕೊಂಡವನು ನಡುವೆ ಹೋಗಬೇಕು. ಒಂದೇ ಟಚ್, ಹೆಚ್ಚೆಂದರೆ ಎರಡು. ನೋಡಲು ಮಕ್ಕಳಾಟ. ಆದರೆ ಚೆಂಡು ಬರುವ ಮೊದಲೇ ಎಲ್ಲಿಗೆ ಕೊಡಬೇಕು ಅಂತ ತಿಳಿದಿರದಿದ್ದರೆ ಅರ್ಧ ನಿಮಿಷವೂ ಉಳಿಯೋಕಾಗಲ್ಲ. ಹೆಗಲ ಮೇಲಿಂದ ಹಿಂದಕ್ಕೆ ನೋಡಿಕೊಳ್ಳುವುದು, ಮೈ ಸ್ವಲ್ಪ ತಿರುಗಿಸಿ ನಿಲ್ಲುವುದು, ಮೊದಲ ಟಚ್‌ನಲ್ಲೇ ಚೆಂಡನ್ನು ಖಾಲಿ ಜಾಗಕ್ಕೆ ತಳ್ಳುವುದು. ಶಾಲೆ ಮೈದಾನದಲ್ಲಿ ಇವು ಬೇಕಾಗಿರಲಿಲ್ಲ. ಅವನು ಕಲಿತೂ ಇರಲಿಲ್ಲ.

90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಎರಡು ಮೂರು ನಿಮಿಷ ಅಷ್ಟೇ. ಉಳಿದ ಹೊತ್ತು ಏನು ಮಾಡುತ್ತಾನೆ? ಕೋಚ್‌ಗಳು ನೋಡುವುದು ಅದನ್ನೇ. ನಾನು ಹುಡುಗನಾಗಿದ್ದಾಗ ನಮ್ಮ ಮಾವ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರು. "ಚೆಂಡಿನ ಹಿಂದೆ ಓಡ್ಬೇಡ, ಒಬ್ಬನ್ನೇ ಹಿಡ್ಕೊಂಡು ಹತ್ತು ನಿಮಿಷ ನೋಡು" ಅನ್ನೋರು. ನಿಮ್ಮ ಮಗನ ಜೊತೆ ಕೂತು ಟಿವಿಯಲ್ಲಿ ಒಮ್ಮೆ ಹೀಗೆ ನೋಡಿ. ಅವನಾಡುವ ಜಾಗದಲ್ಲೇ ಆಡುವ ಒಬ್ಬನನ್ನು ಆರಿಸಿಕೊಳ್ಳಿ.

ಆಯ್ಕೆ ಬಗ್ಗೆ ಏನೂ ಹೇಳಲಿಲ್ಲ ಅನ್ನುವ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಈ ವಯಸ್ಸಿನಲ್ಲಿ ಹುಡುಗರು ಒಂದೇ ಸಮ ಬೆಳೆಯುವುದಿಲ್ಲ. ಒಬ್ಬನಿಗೆ ಆಗಲೇ ಮೀಸೆ, ಇನ್ನೊಬ್ಬನಿಗೆ ಇನ್ನೂ ಎಳೆ ಧ್ವನಿ. ಒಂದೇ ವಯೋಮಿತಿಯಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ದೊಡ್ಡ ಮೈಕಟ್ಟಿನವರೇ ಮೊದಲು ಕಣ್ಣಿಗೆ ಬೀಳುತ್ತಾರೆ. ಇದು ಪ್ರಪಂಚದ ಎಲ್ಲ ಅಕಾಡೆಮಿಗಳಿಗೂ ಗೊತ್ತಿರುವ ತೊಡಕು. (ಮಂಡಿ ಚಿಪ್ಪಿನ ಕೆಳಗೆ ನೋವು ಅಂತ ಅವನೇನಾದರೂ ಹೇಳಿದರೆ ಸುಮ್ನೆ ಓಡಿಸಬೇಡಿ. ಎತ್ತರ ಬೇಗ ಬೆಳೆಯುವಾಗ ಅದು ಬರುತ್ತದೆ. ವೈದ್ಯರಿಗೆ ತೋರಿಸಿ.)

ನನಗೆ ತುಂಬಾ ಇಷ್ಟವಾದ ಕತೆ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರದ್ದು. 2014ರಲ್ಲಿ ಅವರು ನಾರ್ವೆಯ ಸ್ಟಾಬೆಕ್ ಕ್ಲಬ್ಬು ಸೇರಿದರು. ಆಗಲೇ 22 ವರ್ಷ. ಅಲ್ಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದ್ದು 2016ರಲ್ಲಿ. ಅಷ್ಟು ಕಾಲ ಅವರು ಮುಖ್ಯವಾಗಿ ಮಾಡಿದ್ದು ತರಬೇತಿ. ಚಳಿ ದೇಶ, ಗೊತ್ತಿಲ್ಲದ ಭಾಷೆ. ಬೆಳಿಗ್ಗೆ ಎದ್ದು ಅಭ್ಯಾಸ, ಪಂದ್ಯದ ದಿನ ಬೆಂಚು. 2016ರಲ್ಲೇ, ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಎನಿಸಿಕೊಂಡರು. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. ಕಂಠೀರವದಲ್ಲಿ ಅವರು ಗೋಲು ಕಾಯುವುದನ್ನು ನೋಡಿದಾಗಲೆಲ್ಲ ನನಗೆ ಆ ಬೆಂಚಿನ ದಿನಗಳೇ ನೆನಪಾಗುತ್ತವೆ.

ಭಾರತದ ಮಹಿಳಾ ಆಟಗಾರ್ತಿ ಬಾಲಾ ದೇವಿ ಅವರದ್ದೂ ಹಾಗೆಯೇ. 2019ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿಗೆ ಟ್ರಯಲ್ಸ್‌ಗೆ ಹೋದರು, 2020ರ ಜನವರಿಯಲ್ಲಿ ಒಪ್ಪಂದವಾಯಿತು. ಮೊದಲ ಗೋಲು ಬಂದಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಆದರೆ ಅಲ್ಲಿಗೆ ಹೋಗುವ ಮೊದಲು ಅವರು ಇಲ್ಲಿ ಎಷ್ಟೋ ವರ್ಷ ಆಡಿ ಹೆಸರು ಮಾಡಿದ್ದರು.

ಹತ್ತಿರದಲ್ಲೇ ದಾರಿ ಇದೆ ಅಕ್ಕಾ. ಬೆಂಗಳೂರು ಎಫ್‌ಸಿಯ ರೋಶನ್ ಸಿಂಗ್ ಯುವ ತಂಡದಿಂದ ಮೇಲೆ ಬಂದವರು. ಮೊದಲು ವಿಂಗರ್ (ಅಂಚಿನಿಂದ ದಾಳಿ ಮಾಡುವವರು), ಆಮೇಲೆ ಫುಲ್‌ಬ್ಯಾಕ್ (ಅಂಚಿನ ರಕ್ಷಕ) ಆಗಿ ಆಡಿಸಿದರು. 2021–22ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್ಎಲ್) ಉದಯೋನ್ಮುಖ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಮರುವರ್ಷ ಅದೇ ಪ್ರಶಸ್ತಿ ಅದೇ ಕ್ಲಬ್ಬಿನ ಶಿವಶಕ್ತಿ ನಾರಾಯಣನ್ ಅವರಿಗೆ. 2022ರಲ್ಲಿ ಯುವಕರ ಡೆವಲಪ್‌ಮೆಂಟ್ ಲೀಗ್ ಗೆದ್ದ ಬೆಂಗಳೂರಿನ ಹುಡುಗರು ಇಂಗ್ಲೆಂಡಿಗೂ ಹೋಗಿ ಅಲ್ಲಿನ ಕ್ಲಬ್ಬುಗಳ ಯುವ ತಂಡಗಳ ಎದುರು ಆಡಿ ಬಂದರು. ಗೆದ್ದು ಗಳಿಸಿದ ಅವಕಾಶ ಅದು. 2023ರಲ್ಲಿ ರಿಯಾದ್‌ನಲ್ಲಿ ನಮ್ಮ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತಲ್ಲ, ಆ ತಂಡದಲ್ಲೂ ಬೆಂಗಳೂರಿನ ಲೀಗ್ ಆಡಿ ಬೆಳೆದವರಿದ್ದರು.

ಹಾಗಾಗಿ ಈಗ ಅವನಿಗೆ ವಿಮಾನ ಬೇಡ, ಪಂದ್ಯ ಬೇಕು. ಬೆಳಗಾವಿಯಲ್ಲೇ ತನಗಿಂತ ದೊಡ್ಡ ಹುಡುಗರ ಜೊತೆ ವಾರವಾರ ಆಡಲಿ. ಓದು ನಿಲ್ಲಿಸಬೇಡಿ. ಸಂಜೆ ಒಬ್ಬ ಗೆಳೆಯನನ್ನು ಕರೆದುಕೊಂಡು ಗೋಡೆಗೆ ಚೆಂಡು ಹೊಡೆಯಲಿ, ವಾಪಸ್ ಬರುವಷ್ಟರಲ್ಲಿ ಹಿಂದಕ್ಕೆ ತಿರುಗಿ ಗೆಳೆಯ ಎಷ್ಟು ಬೆರಳು ತೋರಿಸಿದ ಅಂತ ಹೇಳಲಿ. ಎಡಗಾಲಿಂದಲೂ ಮಾಡಲಿ.

ಆ ಕ್ಲಬ್ಬಿನ ಕೋಚ್‌ಗೆ ಅವನೇ ಒಂದು ಪತ್ರ ಬರೆಯಲಿ, ನೀವಲ್ಲ. "ಸರ್, ನಾನು ಯಾವುದರಲ್ಲಿ ಹಿಂದೆ ಇದ್ದೇನೆ?" ಅಂತ ಕೇಳಲಿ. ಅಂಥ ಪತ್ರಕ್ಕೆ ಒಳ್ಳೆಯ ಕೋಚ್ ಎರಡು ಸಾಲಾದರೂ ಉತ್ತರ ಕೊಡುತ್ತಾರೆ.

ಜೊತೆಗೆ ಇನ್ನೊಂದು ಪತ್ರ ನಮಗೂ ಬರೆಸಿ. ಬೆಳಿಗ್ಗೆ ಎಷ್ಟಕ್ಕೆ ಎಬ್ಬಿಸುತ್ತಿದ್ದರು, ಊಟಕ್ಕೆ ಏನಿತ್ತು, ರೊಂಡೊದಲ್ಲಿ ಎಷ್ಟು ಸಲ ನಡುವೆ ನಿಲ್ಲಬೇಕಾಯ್ತು, ಕೊನೆಯ ದಿನ ಅದು ಕಡಿಮೆ ಆಯ್ತಾ. ಅವನ ಕೈಬರಹದಲ್ಲೇ ಇರಲಿ. ಬಂದರೆ ಈ ಪುಟದಲ್ಲೇ ಹಾಕುತ್ತೇವೆ.

– ಸಂಪಾದಕ