ಲಿಥಿಯಂ ಶುರುವಾಗಿ ಐದು ತಿಂಗಳು, ಈಗ ಚೆನ್ನಾಗಿದ್ದೇನೆ. ಮಾತ್ರೆ ಬಿಡಬಹುದೇ?

ಬೈಪೋಲಾರ್ (ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ತೂಗಾಡುವ ಕಾಯಿಲೆ) ಎಂದು ಗೊತ್ತಾಗಿ ಐದು ತಿಂಗಳಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದೀರಿ. ಈಗ ಮನಸ್ಸು ತಿಳಿಯಾಗಿದೆ, ಮಾತ್ರೆ ಬಿಡಬಹುದೇ, ಬಿಡಬಾರದೆಂದರೆ ದಿನನಿತ್ಯ ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ನಾನೂ ಇದೇ ಮಾತ್ರೆ ನುಂಗುವವನು, ಹಾಗಾಗಿ ನೇರವಾಗಿ ಹೇಳುತ್ತೇನೆ: ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಚೆನ್ನಾಗಿದ್ದೀರಿ ಎಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದೇ ಹೊರತು ಕಾಯಿಲೆ ಹೋಯಿತೆಂದಲ್ಲ. ಲಿಥಿಯಂ ದಿಢೀರ್ ನಿಲ್ಲಿಸಿದವರಲ್ಲಿ ಮುಂದಿನ ಕೆಲವು ತಿಂಗಳಲ್ಲೇ ಉನ್ಮಾದ, ಅಂದರೆ ಹುರುಪು ಮಿತಿಮೀರಿ ಏರುವ ಸ್ಥಿತಿ, ಮರಳುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾಗಿ ಬಂದರೂ ವೈದ್ಯರು ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳವರೆಗೆ ಹಂತಹಂತವಾಗಿ ಇಳಿಸುತ್ತಾರೆ. ಗರ್ಭಧಾರಣೆಯ ಯೋಚನೆ ಇರುವವರು ಅದನ್ನು ಮೊದಲೇ ವೈದ್ಯರ ಕಿವಿಗೆ ಹಾಕಬೇಕು.

ಲಿಥಿಯಂ ವಿಷಯದಲ್ಲಿ ಜನ ಹೆಚ್ಚು ಎಡವುವುದು ರಕ್ತದಲ್ಲಿ ಅದರ ಮಟ್ಟ ಎಷ್ಟಿದೆ ಎಂದು ನೋಡುವ ಪರೀಕ್ಷೆಯಲ್ಲಿ. ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ಮಾತ್ರೆಯಾದರೆ ಬೆಳಿಗ್ಗೆ 9ಕ್ಕೆ ಲ್ಯಾಬಿನಲ್ಲಿರಬೇಕು. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ನಂತರವೇ ಅದು. ಮಾತ್ರೆ ನುಂಗಿ ಹೋದರೆ ಮಟ್ಟ ಸುಳ್ಳೇ ಹೆಚ್ಚಾಗಿ ಕಾಣುತ್ತದೆ, ವೈದ್ಯರು ಡೋಸ್ ಇಳಿಸುತ್ತಾರೆ, ಸರಿಯಾಗಿದ್ದ ಚಿಕಿತ್ಸೆ ಹಾಳಾಗುತ್ತದೆ. ಇನ್ನೊಂದು ಸಣ್ಣ ವಿಷಯ ಲ್ಯಾಬಿನವರಿಗೂ ಕೆಲವೊಮ್ಮೆ ತಪ್ಪಿಹೋಗುತ್ತದೆ: ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಹಾಕಿದ ಟ್ಯೂಬಿನಲ್ಲಿ ರಕ್ತ ತೆಗೆದರೆ ಆ ಟ್ಯೂಬಿನ ಲಿಥಿಯಮ್ಮೇ ವರದಿಯಲ್ಲಿ ಸೇರಿಕೊಳ್ಳುತ್ತದೆ. 'ಇದು ಲಿಥಿಯಂ ಪರೀಕ್ಷೆ' ಎಂದು ಸೂಜಿ ಚುಚ್ಚುವ ಮೊದಲೇ ಹೇಳಿ. ಕಾಯಿಲೆ ಹತೋಟಿಗೆ ಬಂದ ಮೇಲಿನ ನಿರ್ವಹಣೆಯ ಹಂತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಗುರಿ, ಕೆಲವರಿಗೆ 1.0ರವರೆಗೂ ಇಡುತ್ತಾರೆ. ಡೋಸ್ ಬದಲಾದರೆ ಸುಮಾರು ಒಂದು ವಾರದ ನಂತರ ಮತ್ತೆ ಪರೀಕ್ಷೆ. ಕಂಪನಿ ಬದಲಾದ ಮಾತ್ರೆಯಲ್ಲೂ ಮಟ್ಟ ಏರುಪೇರಾಗಬಹುದು, ಆಗಲೂ ಒಮ್ಮೆ ನೋಡಿಸಿ. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ. ಎಲ್ಲ ವರದಿಗಳನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಡಿ. ಒಂದು ವರದಿಯಲ್ಲಿ ಕಾಣದ ಸಣ್ಣ ಏರಿಕೆ ಐದು ವರದಿಗಳನ್ನು ಒಟ್ಟಿಗೆ ನೋಡಿದರೆ ಕಣ್ಣಿಗೆ ಬೀಳುತ್ತದೆ.

ಕಿಡ್ನಿ ಲಿಥಿಯಮ್ಮನ್ನು ಸೋಡಿಯಂ ಥರವೇ ಕಾಣುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಸೋಡಿಯಂ ಉಳಿಸಿಕೊಳ್ಳುವ ಭರದಲ್ಲಿ ಲಿಥಿಯಮ್ಮನ್ನೂ ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ವಾಂತಿ, ಭೇದಿ, ಜ್ವರ, ವಿಪರೀತ ಬೆವರು, ನೀರು ಸಹ ಕುಡಿಯದ ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವ ಪಥ್ಯ, ಇವೆಲ್ಲ ಅಪಾಯ ಎನ್ನುವುದು ಅದಕ್ಕೇ. ಉಪ್ಪು ಹೆಚ್ಚು ತಿನ್ನಿ ಎಂದು ನಾನು ಹೇಳುತ್ತಿಲ್ಲ, ದಿನದಿಂದ ದಿನಕ್ಕೆ ಒಂದೇ ಪ್ರಮಾಣದಲ್ಲಿರಲಿ. ಕಾಫಿಗೂ ಇದೇ ಮಾತು: ದಿನಾ ನಾಲ್ಕು ಲೋಟ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಲಿಥಿಯಂ ಮಟ್ಟ ಮೇಲೇರಬಹುದು. ವಾಂತಿ-ಭೇದಿ ಹಿಡಿದರೆ ಮುಂದಿನ ಡೋಸ್ ನುಂಗುವ ಮೊದಲು ವೈದ್ಯರಿಗೆ ಫೋನ್ ಮಾಡಿ ಕೇಳಿ.

ನೋವಿನ ಮಾತ್ರೆಯ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ, ಯಾಕೆಂದರೆ ಅವನ್ನು ಯಾರೂ ಔಷಧಿ ಎಂದೇ ಎಣಿಸುವುದಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಪ್ಯಾರಾಸಿಟಮಾಲಿನಿಂದ ಆ ತೊಂದರೆ ಇಲ್ಲ. ರಕ್ತದೊತ್ತಡಕ್ಕೆ ಕೊಡುವ 'ಪ್ರಿಲ್', 'ಸಾರ್ಟಾನ್' ಎಂದು ಹೆಸರು ಮುಗಿಯುವ ಮಾತ್ರೆಗಳು, ಥಯಾಜೈಡ್ ಜಾತಿಯ ಮೂತ್ರವರ್ಧಕಗಳೂ ಹೀಗೇ ಏರಿಸುತ್ತವೆ. ಹಲ್ಲು ಕೀಳಿಸಲು ಹೋದರೂ 'ಲಿಥಿಯಂ ತೆಗೆದುಕೊಳ್ಳುತ್ತೇನೆ' ಎಂಬುದು ನಿಮ್ಮ ಮೊದಲ ಮಾತಾಗಿರಲಿ.

ಬೆರಳು ಸಣ್ಣಗೆ ನಡುಗುವುದು, ಬಾಯಾರಿಕೆ, ಪದೇಪದೇ ಮೂತ್ರ ಮಾಮೂಲು ಅಡ್ಡಪರಿಣಾಮಗಳು. ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಆದರೆ ಕೈ ಲೋಟ ಹಿಡಿಯಲಾರದಷ್ಟು ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ, ವಾಂತಿಯ ಜೊತೆ ಮಂಪರು ಬಂದರೆ ಅದು ಲಿಥಿಯಂ ವಿಷವೇರಿಕೆ ಇರಬಹುದು. ಮಾತ್ರೆ ನಿಲ್ಲಿಸಿ, ಆಗಲೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಡೋಸ್ ಮರೆತುಹೋದರೆ ಮುಂದಿನ ಸಲ ಎರಡು ಡೋಸ್ ಒಟ್ಟಿಗೆ ನುಂಗಬೇಡಿ. ನಿಧಾನವಾಗಿ ಕರಗುವ ಮಾತ್ರೆಯನ್ನು ಅಗಿಯಬಾರದು, ಪುಡಿ ಮಾಡಲೂಬಾರದು.

ಇನ್ನು ನಿದ್ದೆ. ನನ್ನ ಪ್ರಕಾರ ಈ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ನಿದ್ದೆ ಬಾರದೆ ಮರುದಿನ ಸುಸ್ತಾಗಿದ್ದರೆ ಅದು ನಿದ್ರಾಹೀನತೆ. ನಾಲ್ಕೇ ಗಂಟೆ ಮಲಗಿಯೂ ಹುರುಪಿನಿಂದ ಎದ್ದರೆ ಎಚ್ಚರವಾಗಬೇಕಾದ್ದು ಆಗ, ಅದು ಉನ್ಮಾದದ ಮುನ್ಸೂಚನೆ ಇರಬಹುದು. ನಿದ್ದೆಗೆಡುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಬಡಿದೆಬ್ಬಿಸುವ ಕಾರಣವೂ ಹೌದು. ಹಾಗಾಗಿ ರಾತ್ರಿ ಪಾಳಿ, ಇಡೀ ರಾತ್ರಿಯ ಪ್ರಯಾಣ ನಮ್ಮಂಥವರಿಗೆ ದುಬಾರಿ. ದಿನಾ ಬೆಳಿಗ್ಗೆ ಒಂದು ಸಾಲು ಬರೆಯಿರಿ: ಮಲಗಿದ್ದು, ಎದ್ದಿದ್ದು, ಮನಸ್ಥಿತಿಗೆ ಮೈನಸ್ 5ರಿಂದ ಪ್ಲಸ್ 5ರೊಳಗೆ ಒಂದು ಅಂಕಿ, ಮಾತ್ರೆ ಆಯಿತೋ ಇಲ್ಲವೋ. ಇಷ್ಟೇ ಸಾಕು. ಹತ್ತು ಕಾಲಂ ಹಾಕಿದ ಡೈರಿ ಎರಡು ವಾರಕ್ಕೆ ನಿಂತುಹೋಗುತ್ತದೆ.

ಚೆನ್ನಾಗಿರುವ ಈ ದಿನಗಳಲ್ಲೇ ಒಂದು ಕಾಗದ ತಯಾರು ಮಾಡಿ. ಕಳೆದ ಸಲ ಉನ್ಮಾದ ಏರುವ ಮೊದಲ ವಾರ ಏನೇನಾಗಿತ್ತು ಎಂದು ಮನೆಯವರನ್ನು ಕೂರಿಸಿಕೊಂಡು ಕೇಳಿ. ನಮಗಿಂತ ಮೊದಲು ಅವರಿಗೆ ಕಂಡಿರುತ್ತದೆ. 'ಖುಷಿಯಾಗಿದ್ದ' ಎಂದು ಬರೆದರೆ ಉಪಯೋಗವಿಲ್ಲ. 'ರಾತ್ರಿ ಒಂದಕ್ಕೆ ಹಳೆಯ ಗೆಳೆಯರಿಗೆ ಫೋನ್ ಮಾಡಿದ', 'ಬೇರೆಯವರ ಮಾತು ಮುಗಿಯಲು ಬಿಡಲಿಲ್ಲ', 'ಒಂದೇ ದಿನ ಮೂರು ಹೊಸ ವ್ಯಾಪಾರದ ಯೋಜನೆ ಹಾಕಿದ' ಎಂಬಂತಿರಲಿ. ಅದರ ಕೆಳಗೆ ಏನು ಮಾಡಬೇಕೆಂದು ಬರೆಯಿರಿ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಆಯಾಸವಿಲ್ಲ ಎಂದರೆ ವೈದ್ಯರಿಗೆ ಫೋನ್; ಕಾರ್ಡು, ಬ್ಯಾಂಕಿನ ಆ್ಯಪ್ ಮನೆಯವರ ಕೈಗೆ; ಸಾಲ, ರಾಜೀನಾಮೆ, ದೊಡ್ಡ ಖರೀದಿ ಯಾವುದೂ ಬೇಡ. ನೀವು ಒಪ್ಪಿ ಸಹಿ ಹಾಕಿರಿ. ಉನ್ಮಾದ ಏರಿದಾಗ 'ನನಗೇನೂ ಆಗಿಲ್ಲ' ಎಂದು ನೀವೇ ವಾದಿಸುತ್ತೀರಿ, ಆಗ ಮನೆಯವರ ಮಾತಿಗಿಂತ ನಿಮ್ಮದೇ ಅಕ್ಷರಕ್ಕೆ ಬೆಲೆ ಹೆಚ್ಚು.

ಖಿನ್ನತೆ ಬಂದಾಗ ಹೊಸ ವೈದ್ಯರ ಬಳಿ ಹೋದರೆ ಬೈಪೋಲಾರ್ ಇರುವುದನ್ನು ಮುಚ್ಚಿಡಬೇಡಿ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರಲ್ಲಿ ಅದು ಉನ್ಮಾದಕ್ಕೆ ತಿರುಗುತ್ತದೆ. ಸಾಯುವ ಯೋಚನೆ ಸುಳಿದರೆ ಅದೇ ದಿನ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ, ಒಂಟಿಯಾಗಿರಬೇಡಿ, ತುರ್ತು ವಿಭಾಗಕ್ಕೆ ಹೋಗಿ. ಲಿಥಿಯಂ ಆ ಅಪಾಯವನ್ನು ತಗ್ಗಿಸುತ್ತದೆ, ಆದರೆ ಡೋಸ್ ಮೀರಿದರೆ ಅದೇ ಪ್ರಾಣಕ್ಕೆ ಕುತ್ತು. ಅಂಥ ದಿನಗಳಲ್ಲಿ ಮಾತ್ರೆಯ ಡಬ್ಬಿ ಮನೆಯ ಇನ್ನೊಬ್ಬರ ಬಳಿ ಇರಲಿ, ದಿನದ ಪಾಲು ಮಾತ್ರ ನಿಮ್ಮ ಕೈಗೆ ಬರಲಿ.