ಉಬುಂಟುವಿನಿಂದ ಡಿ ಡ್ರೈವ್‌ಗೆ ಬರೆಯಲಾಗದಿರುವ ಬಗ್ಗೆ

ವಿಂಡೋಸ್ 10ರ ಜೊತೆಗೆ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನೂ ಹಾಕಿಕೊಂಡ ಮೇಲೆ, ಡಿ ಡ್ರೈವ್‌ನ ಕಡತಗಳು ತೆರೆದುಕೊಂಡರೂ ಉಬುಂಟುವಿನಿಂದ ಏನನ್ನೂ ಉಳಿಸಲಾಗುತ್ತಿಲ್ಲ ಎಂದು ಕೇಳಿದ್ದೀರಿ. ಡಿಸ್ಕ್ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ಬಹುಮಟ್ಟಿಗೆ ಇದು ಕಂಪ್ಯೂಟರ್ ಬೇಗ ಶುರುವಾಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯದಿಂದ ಆಗುವ ತೊಂದರೆ. ಅದು ಚಾಲನೆಯಲ್ಲಿದ್ದರೆ, ನೀವು ಶಟ್ ಡೌನ್ ಒತ್ತಿದಾಗಲೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ, ಕರ್ನೆಲ್‌ನ (ವ್ಯವಸ್ಥೆಯ ತಿರುಳು ಭಾಗದ) ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು, ಡಿ ಡ್ರೈವ್‌ನಂಥ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಜೋಡಿಸಿಡುವ ವಿಧಾನ) ವಿಭಾಗಗಳನ್ನು ಇನ್ನೂ ಬಳಕೆಯಲ್ಲಿರುವಂತೆಯೇ ಬಿಟ್ಟಿರುತ್ತದೆ. ಇದನ್ನು ಗುರುತಿಸುವ ಉಬುಂಟು, ದತ್ತಾಂಶ ಹಾಳಾಗದಿರಲೆಂದು ಓದಲಷ್ಟೇ ಅವಕಾಶ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ನಡೆಯೇ.

ಇದನ್ನು ಸರಿಪಡಿಸಲು, ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ತೆರೆದು, ಫಾಸ್ಟ್ ಸ್ಟಾರ್ಟಪ್ ಪಕ್ಕದ ಟಿಕ್ ತೆಗೆದು, ಬದಲಾವಣೆಯನ್ನು ಉಳಿಸಿ, ಒಮ್ಮೆ ಶಟ್ ಡೌನ್ ಮಾಡಿ. ವಿಂಡೋಸ್ ತನ್ನ ಸ್ಥಿತಿಯನ್ನು ಹೀಗೆ ಬರೆದಿಡುವ ಹೈಬರ್ನೇಶನ್ ಕಡತವನ್ನು ಉಬುಂಟುವಿನಿಂದಲೇ ಅಳಿಸಿ ಡ್ರೈವ್ ಅನ್ನು ಬಲವಂತವಾಗಿ ಮೌಂಟ್ ಮಾಡುವ (ಬಳಕೆಗೆ ಜೋಡಿಸುವ) ದಾರಿಯನ್ನು ದಯವಿಟ್ಟು ಹಿಡಿಯಬೇಡಿ; ವಿಂಡೋಸ್ ಹೈಬರ್ನೇಟ್ ಆಗಿದ್ದರೆ (ತೆರೆದ ಕೆಲಸವನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಮಲಗಿದ್ದರೆ), ಅಲ್ಲಿ ಉಳಿಸದೆ ಬಿಟ್ಟ ಕೆಲಸವೆಲ್ಲ ಹೋಗುತ್ತದೆ.